ಮೂರನೆಯವಳಿಗೆ ಮುಳ್ಳು ತೆಗೆದವರು ಯಾರು?

ಹಾಸ್ಟೆಲ್ ಫಾರ್ಮಿನ ಎರಡನೇ ಪುಟದಲ್ಲಿ ಎರಡು ಚೌಕಗಳಿದ್ದವು. ವೆಜ್, ನಾನ್‌ವೆಜ್. ನಾನು ವೆಜ್ ಚೌಕಕ್ಕೆ ಟಿಕ್ ಹಾಕಿದೆ.

ಗಂಡ ಕನ್ನಡಕ ಏರಿಸಿ ನೋಡಿದರು. ‘ನಾವು ಮೀನು ಬಿಟ್ಟಿದ್ದು ಯಾವಾಗ?’ ಎಂದು ಕೇಳಿದರು. ಅವರ ಕೈಯಲ್ಲಿ ಆಗಷ್ಟೇ ಮಾರ್ಕೆಟ್ಟಿನಿಂದ ತಂದ ತಾರ್ಲೆ ಮೀನಿನ ಚೀಲವಿತ್ತು.

ಬಿಟ್ಟಿಲ್ಲ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಗಂಡನ ಊರು ಅಂಕೋಲೆಯ ಬೆಳಂಬಾರ. ಮೀನಿಲ್ಲದ ದಿನ ನಮ್ಮಲ್ಲಿ ಊಟಕ್ಕೆ ಕೂತವರ ಮುಖ ನೋಡಲಾಗದು. ಹಾಗಿದ್ದೂ ನಮ್ಮ ಹಿರಿಮಗ ಸಾಗರ ಮಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಬೇಳೆಸಾರು ಉಣ್ಣಲಿ ಎಂದು ನಾನು ತೀರ್ಮಾನಿಸಿದ್ದೆ. ಅಲ್ಲಿ ಅವನ ಮೀನಿನ ಮುಳ್ಳು ತೆಗೆದು ಕೊಡುವವರು ಯಾರು, ಹೇಳಿ?

(ನಗಬೇಡಿ. ಸಾಗರನಿಗೆ ಹದಿನೆಂಟು. ಮೀಸೆಯೂ ಬಂದಿದೆ. ಸರಿ, ನಕ್ಕುಬಿಡಿ.)

ನಿಮಗೆ ಗೊತ್ತೇ ಇದೆ, ಹೆದರಲು ನನಗೆ ಕಾರಣ ಬೇಕಾಗಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಕಾಳಿ ಸೇತುವೆ ದಾಟಿದ ಮೇಲೆ ಬಸ್ಸಿಳಿದು ವಾಪಸು ಬಂದವಳು ನಾನು. ಅಂಥವಳಿಗೆ ಮೊದಲ ಮಗು ಹುಟ್ಟಿದರೆ ಏನಾಗಬೇಕು? ಹಾಲಿನ ಬಾಟಲಿಯನ್ನು ಗಡಿಯಾರ ನೋಡಿ ಕುದಿಸಿದೆ. ಮಗು ಎತ್ತಿಕೊಳ್ಳುವವರು ಕೈ ತೊಳೆಯಬೇಕು, ಅದೂ ನನ್ನೆದುರೇ ತೊಳೆಯಬೇಕು. ಸಮುದ್ರದ ದಂಡೆಗೆ ಹೋದರೆ ಅವನಿಗೆ ಪಾದ ಮುಳುಗುವಷ್ಟೇ ನೀರು. ಹೆಸರಿಟ್ಟದ್ದು ಮಾತ್ರ ಸಾಗರ!

ಮೀನಿನ ವಿಷಯ ಇನ್ನೂ ಬಿಗಿ. ಮೊದಲ ಐದು ವರ್ಷ ಬರೀ ಇಸ್ವಾಣ. ಅದರ ಮುಳ್ಳು ನಡುವೆ ದಪ್ಪಗೆ, ಕುರುಡರಿಗೂ ಸಿಗುವ ಹಾಗೆ ಇರುತ್ತದಲ್ಲ. ಆಮೇಲೆ ಬಂಗಡೆಗೆ ಬಡ್ತಿ. ಅದನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಎರಡು ಬೆರಳ ನಡುವೆ ಹೊಸಕಿ ಹೊಸಕಿ ಪರೀಕ್ಷಿಸಿ ಕೊಡುತ್ತಿದ್ದೆ. ಅವನ ತಟ್ಟೆಗೆ ಬೀಳುವ ಹೊತ್ತಿಗೆ ಅದು ಮೀನೋ ಉಪ್ಪಿಟ್ಟೋ ತಿಳಿಯುತ್ತಿರಲಿಲ್ಲ.

ನಂತರ ಶ್ರೇಯಾ ಹುಟ್ಟಿದಳು. ಬೆಳಕಿಗೆ ಹಿಡಿಯುವುದು ನಿಂತಿತು. (‘ನನ್ನ ಬಗ್ಗೆ ಇಷ್ಟೇನಾ?’ ಎಂದು ಅವಳು ಇದನ್ನು ಓದಿ ಜಗಳ ತೆಗೆಯುತ್ತಾಳೆ. ನಡುವಿನ ಮಕ್ಕಳ ದೂರು ಎಲ್ಲಾ ಮನೆಗಳಲ್ಲೂ ಒಂದೇ, ಮತ್ತು ಎಲ್ಲಾ ಮನೆಗಳಲ್ಲೂ ನಿಜ.)

ಮೂರನೆಯವಳು ತನ್ವಿ. ಈಗ ಐದು ವರ್ಷ. ಇವಳಿಗೆ ಮುಳ್ಳು ತೆಗೆದವರು ಯಾರು? ಎಷ್ಟು ನೆನಪಿಸಿಕೊಂಡರೂ ಉತ್ತರವಿಲ್ಲ. ಗಂಡ ತೆಗೆಯುತ್ತಿದ್ದಾರೆ ಎಂದು ನಾನು, ನಾನು ತೆಗೆಯುತ್ತಿದ್ದೇನೆ ಎಂದು ಅವರು. ಒಂದು ದಿನ ನೋಡಿದರೆ ಊಟದ ಮೇಜಿನ ಕೆಳಗೆ ಕೂತು ತಾರ್ಲೆ ತಿನ್ನುತ್ತಿದ್ದಾಳೆ! ಮುಳ್ಳುಗಳನ್ನು ನೆಲದ ಮೇಲೆ ಜೋಡಿಸಿದ್ದಾಳೆ, ಉದ್ದದ್ದು ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ. ಇವಳ ಹಾಲಿನ ಬಾಟಲಿಯನ್ನೂ ಕುದಿಸುತ್ತಿದ್ದೆ, ನೆನಪಾದಾಗ. ದಂಡೆಯಲ್ಲಿ ಇವಳು ತಿಂದ ಮರಳು ಎಷ್ಟೆಂದು ದೇವರಿಗೇ ಗೊತ್ತು.

ಇದಕ್ಕಾಗಿ ಒಳಗೊಳಗೇ ನಾಚುತ್ತಿದ್ದೆ. ಮೊದಲನೆಯವನಿಗೆ ಅಷ್ಟೆಲ್ಲ ಮಾಡಿದವಳು ಕೊನೆಯವಳನ್ನು ಕೈಬಿಟ್ಟೆನಲ್ಲ ಎಂದು. ಬುದ್ಧಿ ಬಂದು ಸಡಿಲಾದವಳಲ್ಲ ನಾನು. ಇರುವುದು ಎರಡೇ ಕೈ, ಅಷ್ಟೇ.

ಕಳೆದ ಭಾನುವಾರ ಬೆಳಂಬಾರಕ್ಕೆ ಹೋದೆವು. ಹಾಸ್ಟೆಲಿಗೆ ಹೊರಡುವ ಮುಂಚೆ ಸಾಗರನಿಗೆ ಅಜ್ಜಿಯ ಕೈ ಊಟ ಆಗಲಿ ಎಂದು. ನನ್ನ ಅತ್ತೆ ತೆಫಲ ಹಾಕಿ ಘಮ್ಮೆನ್ನುವ ಬಂಗಡೆ ಸಾರು ಮಾಡಿದ್ದರು. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತೆವು. ಅತ್ತೆ ಸಾಗರನ ತಟ್ಟೆಗೆ ತಲೆ, ಬಾಲ ಸಮೇತ ಇಡೀ ಬಂಗಡೆ ಬಡಿಸಿದರು. ಹೊರಟುನಿಂತ ಮೊಮ್ಮಗನಿಗೆ ಮರ್ಯಾದೆ.

ಅವನು ಅದನ್ನೊಮ್ಮೆ ನೋಡಿದ. ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ಮುಳ್ಳು ಬಿಡಿಸಲು ಕೈ ಹಾಕಿದೆ. ಮನೆಯಲ್ಲಿ ದಿನಾ ಮಾಡುವುದೇ ತಾನೆ?

ಇಡೀ ಸಾಲಿನ ಊಟ ನಿಂತಿತು.

‘ಏನೋ ಸಾಗರಾ,’ ಎಂದರು ನನ್ನ ಭಾವ, ‘ಮಂಗ್ಳೂರಿಗೆ ಅವ್ವನ್ನೂ ಕರ್ಕಂಡೇ ಹೋಗ್ತ್ಯೋ? ಅವ್ಳಿಗೂ ಒಂದ್ ಸೀಟ್ ಮಾಡ್ಸೂದಾಗಿತ್ತು!’

ಭಾವನ ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಗರನ ಕಿವಿ ಕೆಂಪಾಯಿತು. ‘ಅಲ್ಲಿ ಅವನಿಗೆ ವೆಜ್ ಮೆಸ್ಸು, ತೊಂದರೆ ಇಲ್ಲ’ ಎಂದೆ, ಮಗನಿಗೆ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು.

ಸಾಗರ ತಿರುಗಿ ನೋಡಿದ. ‘ವೆಜ್ಜಾ? ನನ್ನ ಕೇಳಿದ್ಯಾ ಅಮ್ಮಾ?’

ಕೇಳಿರಲಿಲ್ಲ. ಹೇಳಿಯೂ ಇರಲಿಲ್ಲ.

ಅತ್ತೆ ಸೌಟು ಕೆಳಗಿಟ್ಟರು. ‘ಕೈ ತೆಗಿಯೇ ಅಲ್ಲಿಂದ. ನೀ ಸತ್ಮೇಲೂ ಅಂವಂಗೆ ಮುಳ್ ತೆಗೂಕೆ ಬತ್ಯೇನೆ?’

ಕೈ ತೆಗೆದೆ. ತೆಗೆದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಸಾಗರ ಬಂಗಡೆಯ ಮುಂದೆ, ಓದದ ಪಾಠದ ಪ್ರಶ್ನೆ ಬಂದವನಂತೆ ಕೂತಿದ್ದ. ಆಗ ತನ್ವಿ ತನ್ನ ತಟ್ಟೆ ಬಿಟ್ಟೆದ್ದು ಬಂದು ಅವನ ಪಕ್ಕ ಕುಕ್ಕರಿಸಿದಳು.

‘ಅಣ್ಣಾ, ಮೊದ್ಲು ಬೆನ್ನು ಒತ್ತು. ಹಾಂಗಲ್ಲ, ಮೆತ್ತಗೆ. ಈಗ ಮೇಲಿಂದು ತೆಗಿ. ಈಗ ಬಾಲ ಹಿಡ್ದು ಎಳಿ. ನೋಡು, ಪೂರಾ ಬಂತು!’

ಬಂತು. ಬಾಚಣಿಗೆಯ ಹಾಗೆ, ಇಡೀ ಬೆನ್ನುಮುಳ್ಳು ಅವನ ಕೈಯಲ್ಲಿ.

‘ಮತ್ತೆ ಸಣ್ಣ ಮುಳ್ಳು?’

‘ಅದು ನಾಲಿಗೆಗೇ ಗೊತ್ತಾಗ್ತದೆ. ಮಾತಾಡ್ಬೇಡ, ತಿನ್ನು.’

‘ನಿಂಗೆ ಇದೆಲ್ಲಾ ಯಾರು ಕಲ್ಸಿದ್ದೇ?’

‘ಯಾರೂ ಇಲ್ಲ. ಅಮ್ಮ ಫೋನಲ್ಲಿ ಮಾತಾಡ್ತಿದ್ಲು.’

(ಅತ್ತೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.)

ಮೂರು ತುತ್ತು ಸರಾಗವಾಗಿ ಇಳಿದವು. ನಾಲ್ಕನೆಯದಕ್ಕೆ ಸಾಗರನ ಬಾಯಿ ತಟಕ್ಕನೆ ನಿಂತಿತು. ಕತ್ತು ಮುಂದೆ ಚಾಚಿದ. ಕಣ್ಣಲ್ಲಿ ನೀರು.

ಹದಿನೆಂಟು ವರ್ಷದಿಂದ ನಾನು ಹೆದರಿಕೊಂಡು ಕಾದಿದ್ದ ಗಳಿಗೆ! ‘ಕಾರಿನ ಕೀ ಎಲ್ಲಿ? ಅಂಕೋಲೆಗಾ ಕಾರವಾರಕ್ಕಾ? ಯಾರಾದರೂ ಡಾಕ್ಟರಿಗೆ ಫೋನ್ ಮಾಡಿ!’ ಎಂದು ಎದ್ದು ನಿಂತು ಕೂಗಿದೆ. ಎದ್ದ ರಭಸಕ್ಕೆ ನೀರಿನ ತಂಬಿಗೆ ಉರುಳಿ ಭಾವನ ತಟ್ಟೆಯೇ ಕೆರೆಯಾಯಿತು.

ಅತ್ತೆ ಕೂತಲ್ಲಿಂದಲೇ ಹೇಳಿದರು. ‘ಕೆಮ್ಮು ತಮಾ. ಜೋರಾಗಿ ಕೆಮ್ಮು.’

ಅವನು ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಬಾಯಿಗೆ ಎರಡು ಬೆರಳು ಹಾಕಿ ತಾನೇ ಹೊರಗೆ ತೆಗೆದ. ಉಗುರಿನಷ್ಟೂ ಉದ್ದವಿಲ್ಲದ ಒಂದು ಮುಳ್ಳು. ತನ್ವಿ ಅದನ್ನು ಬಗ್ಗಿ ನೋಡಿ, ‘ಇದು ಹೊಟ್ಟೇದು’ ಎಂದು ಸರ್ಟಿಫಿಕೇಟ್ ಕೊಟ್ಟಳು. ಎಲ್ಲರೂ ಮತ್ತೆ ಉಣ್ಣತೊಡಗಿದರು. ನಿಂತವಳು ನಾನೊಬ್ಬಳೇ.

‘ಅಜ್ಜಿ, ಇನ್ನೊಂದು ಬಂಗಡೆ ಇದ್ಯಾ?’ ಎಂದು ಸಾಗರ ಕೇಳಿದ.

ವಾಪಸು ಬರುವಾಗ ಅವರ್ಸಾ ದಾಟುವವರೆಗೆ ಕಾರಿನಲ್ಲಿ ನಾನು ಮಾತಾಡಲಿಲ್ಲ. (ಗಂಡ ಎರಡು ಸಲ ‘ಹುಷಾರಾಗಿದ್ದೀಯಲ್ಲ?’ ಎಂದು ಕೇಳಿದರು.) ನಾನು ಕೈಬಿಟ್ಟೆ ಎಂದುಕೊಂಡವಳು ತನ್ನ ಊಟ ತಾನು ಉಣ್ಣುತ್ತಿದ್ದಾಳೆ. ಕೈ ಬಿಡದೆ ಬೆಳೆಸಿದವನು ಸಮುದ್ರದ ಪಕ್ಕ ಹುಟ್ಟಿ ಬೇಳೆಸಾರಿಗೆ ಹೊರಟಿದ್ದ. ಹಾಗಾದರೆ ನಾನು ನಾಚಬೇಕಾದದ್ದು ಯಾರ ವಿಷಯಕ್ಕೆ? ಆದರೆ ಏನು ಮಾಡುವುದು? ಮೂರನೆಯ ಮಗುವನ್ನೇ ಮೊದಲು ಹೆರುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಮನೆಗೆ ಬಂದವನೇ ಸಾಗರ ಫಾರ್ಮು ಹೊರತೆಗೆದ. ನನ್ನ ಟಿಕ್ಕನ್ನು ಗೀಚಿ, ಪಕ್ಕದ ಚೌಕದಲ್ಲಿ ತನ್ನದೊಂದು ಹಾಕಿದ. ನಾನು ಅಡ್ಡ ಬರಲಿಲ್ಲ. ‘ಗೆರೆ ಚೌಕದ ಹೊರಗೆ ಹೋಗದ ಹಾಗೆ ನೋಡ್ಕೋ’ ಎಂದೆ, ಅಷ್ಟೇ. ಚಟ ಒಂದೇ ದಿನಕ್ಕೆ ಹೋಗುತ್ತದೆಯೇ?

ಮೊನ್ನೆ ಬುಧವಾರ ಮಧ್ಯಾಹ್ನ ಮನೆಯಲ್ಲಿ ಮತ್ತೆ ಬಂಗಡೆ. ಸಾಗರ ಯಾರಿಗೂ ಕೊಡದೆ ತಾನೇ ಬಿಡಿಸಿದ. ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ಬೆನ್ನು ಒತ್ತಿ, ಬಾಲ ಹಿಡಿದೆಳೆದು. ಆಮೇಲೆ ಒಂದು ಚೂರನ್ನು ನನ್ನ ತಟ್ಟೆಗೆ ಹಾಕಿ, ‘ತಿನ್ನಮ್ಮಾ, ಚೆಕ್ ಮಾಡಿದ್ದೇನೆ’ ಎಂದ.

ನನ್ನ ಎರಡು ಬೆರಳು ತಾವಾಗಿಯೇ ಹೊಸಕಲು ಹೊರಟವು. ತಡೆದೆ. ನೇರ ಬಾಯಿಗೆ ಹಾಕಿಕೊಂಡೆ.

ಒಂದು ಮುಳ್ಳು ಉಳಿದಿತ್ತು. ಅವನಿಗೆ ಯಾಕೆ ಹೇಳಬೇಕು?