ಹುಡುಕು ಫಂಕ್ಷನ್ನಿನ ಕೊನೆಯ ಸಾಲು

ನಮ್ಮ ಸ್ಟೋರ್ ಸಾರ್ ಮನೆಯಲ್ಲಿ ಉಪ್ಪು ಬೇಕೆಂದರೂ ಡಬ್ಬಿಯ ನಂಬರ್ ಹೇಳಬೇಕು. ಇದು ನಾನು ಕಟ್ಟಿದ ಕತೆಯಲ್ಲ, ಅವರ ಹೆಂಡತಿಯೇ ನಗುತ್ತ ಹೇಳಿದ್ದು. ಅಡುಗೆಮನೆಯ ಇಪ್ಪತ್ತಾರು ಡಬ್ಬಿಗಳಿಗೂ ಚೀಟಿ ಅಂಟಿಸಿದ ಮಹಾನುಭಾವರು ಬಸ್ ನಿಲ್ದಾಣದ ಹಿಂಬದಿಯ ನಮ್ಮ ಕೋಣೆಯನ್ನು ಬಿಡುತ್ತಾರೆಯೇ? ಪ್ರಯಾಣಿಕರು ಬಸ್ಸಿನಲ್ಲಿ ಮರೆತ ಸಾಮಾನೆಲ್ಲ ಅಲ್ಲಿಗೆ ಬರುತ್ತದೆ. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು ಕೂಡ. ಬಂದದ್ದನ್ನು ಕಂಪ್ಯೂಟರಿಗೆ ಏರಿಸುವವಳು ನಾನು, ಹುಡುಕಿ ಕೊಡುವವರು ಸಾರ್.

ಐವತ್ತೈದು ದಾಟಿದ ಮೇಲೆ ಅವರು ಮಗಳ ಪಕ್ಕ ಕೂತು ಕಂಪ್ಯೂಟರಿಗೆ ಕೆಲಸ ಹೇಳುವ ಶೆಲ್ ಸ್ಕ್ರಿಪ್ಟ್ ಬರೆಯಲು ಕಲಿತರು. ‘ಹುಡುಕು’ ಎಂಬ ಫಂಕ್ಷನ್ ಮಾಡಿದರು. ಅದಕ್ಕೆ ಏನೇ ಕೊಟ್ಟರೂ ಇದು ಯಾವ ಜಾತಿಯ ಮಾಹಿತಿ ಎಂದು ಮೊದಲು ನೋಡುತ್ತದೆ. ಬರೀ ಅಂಕಿಯಾದರೆ ಟಿಕೆಟ್ ನಂಬರು. ನಡುವೆ ಗೆರೆಯಿದ್ದರೆ ತಾರೀಕು. ಆ ಹೆಸರಿನ ಫೈಲಿದ್ದರೆ ಅದರೊಳಗಿನ ಒಂದೊಂದು ಸಾಲನ್ನೂ ತೆಗೆದುಕೊಂಡು ನಮ್ಮ ಪಟ್ಟಿಯಲ್ಲಿ ಹುಡುಕುತ್ತದೆ. ಬೇರೆ ಅಕ್ಷರಗಳಾದರೆ ಸಾಮಾನಿನ ವಿವರ. ಏನೂ ಸಿಗದಿದ್ದರೆ ಫಂಕ್ಷನ್ನಿನ ಕೊನೆಯ ಸಾಲು ತೆರೆಯ ಮೇಲೆ ಮೂಡುತ್ತದೆ: ‘ಮಾಹಿತಿ ಸರಿಯಿಲ್ಲ. ಮುಂದಿನವರು ಬನ್ನಿ.’ ಆ ಸಾಲೆಂದರೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಜನರಿಗೂ ಕಾಣಲೆಂದು ತೆರೆಯನ್ನು ಅವರು ಬಂದು ನಿಲ್ಲುವ ಕಿಟಕಿಯ ಕಡೆ ತಿರುಗಿಸಿಟ್ಟಿದ್ದರು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಮೂರು ಗಂಟೆಗೆ ಟೈಲರಮ್ಮ ಒಬ್ಬರು ಬಂದರು. ಮೂರು ತಿಂಗಳಿಂದ ಯಾರೂ ಕೇಳದ ಸಾಮಾನು ನಾಲ್ಕಕ್ಕೆ ಲಾರಿ ಹತ್ತಿ ಗುಜರಿಗೆ ಹೋಗುವ ದಿನ ಅದು.

“ನನ್ನ ಅಳತೆ ಪುಸ್ತಕ ಕಳೆದುಹೋಗಿದೆ ಸಾರ್, ಮೂವತ್ತು ವರ್ಷದ್ದು. ಮಗಳಿಗೆ ಮಗು ಆಯ್ತು ಅಂತ ಬಸ್ಸಲ್ಲಿ ಹೋಗಿದ್ದೆ, ಬಾಣಂತನ ಮುಗಿಸಿ ವಾಪಸ್ ಬಂದು ನೋಡಿದ್ರೆ ಇಲ್ಲ. ಗಿರಾಕಿಗಳು ಎಲ್ಲೆಲ್ಲೋ ಇದಾರೆ, ಫೋನಲ್ಲೇ ಹೇಳಿ ಹೊಲಿಸ್ಕೋತಾರೆ. ಅದಿಲ್ದೆ ನಾನು ಕತ್ತರಿ ಮುಟ್ಟೋ ಹಾಗಿಲ್ಲ.”

“ಟಿಕೆಟ್ ನಂಬರ್?”

“ಇಲ್ಲ.”

“ತಾರೀಕು?”

“ನೆನಪಿಲ್ಲ ಸಾರ್. ಕಪ್ಪು ಪುಸ್ತಕ.”

ಸಾರ್ ಹುಬ್ಬು ಗಂಟಿಕ್ಕಿ ‘ಕಪ್ಪು ಪುಸ್ತಕ’ ಎಂದು ಹೊಡೆದರು. ಮುನ್ನೂರ ಹದಿನೆಂಟು ಕಪ್ಪು ಛತ್ರಿಗಳು ದಡದಡನೆ ತೆರೆ ತುಂಬ ಇಳಿದವು. ನನಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ಇದರ! ಮೊದಲನೇ ಪದ ಮಾತ್ರ ತಗೊಂಡು ಎರಡನೇದನ್ನ ಬಿಟ್ಟೇ ಬಿಡ್ತಿದೆ!” ಎಂದರು ಸಾರ್.

ಎರಡು ವರ್ಷ ಒಂದೊಂದೇ ಪದ ಹೊಡೆಯುತ್ತ ಬಂದಿದ್ದರಿಂದ ಈ ಹುಳುಕು ಹೊರಬಿದ್ದಿರಲಿಲ್ಲ. ಹತ್ತು ನಿಮಿಷದಲ್ಲಿ ಸರಿಮಾಡಿ ಮತ್ತೆ ಹೊಡೆದರು. ಮಾಹಿತಿ ಸರಿಯಿಲ್ಲ. ಮುಂದಿನವರು ಬನ್ನಿ.

ಟೈಲರಮ್ಮ ಅದನ್ನು ಓದಿದರು. “ಆಯ್ತು ಸಾರ್” ಎಂದು ಚೀಲವನ್ನು ಹೆಗಲಿಗೇರಿಸಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವರ ಹಿಂದೆ ಯಾರೂ ಇರಲಿಲ್ಲ.

ಸಾರ್ ಮುಖ ಪೆಚ್ಚಾಯಿತು. ಎದ್ದು ಬಾಗಿಲು ತೆರೆದು, “ಒಳಗೆ ಬನ್ನಿ ತಾಯಿ” ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. “ನಂಬರ್ ಗಿಂಬರ್ ಬಿಡಿ. ಅದು ಹೇಗಿತ್ತು, ನೆನಪಾಗಿದ್ದೆಲ್ಲ ಹೇಳ್ತಾ ಹೋಗಿ.”

ಅವರು ಹೇಳಿದರು, ಸಾರ್ ನಿಂತುಕೊಂಡೇ ಒಂದು ಫೈಲಿನಲ್ಲಿ ಸಾಲು ಸಾಲಾಗಿ ಬರೆದುಕೊಂಡರು. ಎಣ್ಣೆ ಕಲೆ. ಹರಿದ ಮೂಲೆ. ನೀಲಿ ಶಾಯಿ. ಹೊರಗೆ ಲಾರಿಯ ಹಾರನ್ ಕೇಳಿಸಿತು.

“ಧೂಳಾಗಬಾರದು ಅಂತ ಬಟ್ಟೇಲಿ ಸುತ್ತಿದ್ದೆ. ಕಟ್ಟೋಕೆ ದಾರ ಸಿಗ್ಲಿಲ್ಲ, ಹಳೇ ಅಳತೆ ಟೇಪಲ್ಲೇ ಕಟ್ಟಿದ್ದೆ.”

ಸಾರ್ ‘ಟೇಪು’ ಎಂದು ಸೇರಿಸಿ ಫೈಲನ್ನು ‘ಹುಡುಕು’ ಫಂಕ್ಷನ್ನಿಗೆ ಕೊಟ್ಟರು. ಒಂದೇ ಒಂದು ಸಾಲು ಬಂತು: ‘ಟೇಪು ಸುತ್ತಿದ ಬಟ್ಟೆ ಗಂಟು, ಮೂಟೆ ಹದಿನಾಲ್ಕು.’ ಬಿಚ್ಚಿ ನೋಡಲು ಸೋಮಾರಿತನವಾಗಿ ಹಾಗೆ ಬರೆದವಳು ನಾನೇ. ಆ ಮೂಟೆ ಆಗಲೇ ಲಾರಿಯಲ್ಲಿತ್ತು.

ತಮ್ಮ ಬಸ್ಸಿಗಾಗಿಯೂ ಎಂದೂ ಓಡದ ಮನುಷ್ಯ ಅಂದು ಎದ್ದೆನೋ ಬಿದ್ದೆನೋ ಎಂದು ಓಡಿದರು. ಮೈಯೆಲ್ಲ ಧೂಳು ಮಾಡಿಕೊಂಡು ಗಂಟು ತಂದರು. ಟೈಲರಮ್ಮ ಅದನ್ನು ಬಿಚ್ಚಿ ಪುಟಗಳನ್ನು ತಿರುವಿದರು.

“ಎಲ್ಲಾರೂ ಇದಾರೆ” ಎಂದರು.

ನನ್ನ ಕಣ್ಣು ತುಂಬಿತು. ಸಾರ್ ಕನ್ನಡಕ ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು. ಆಮೇಲೆ ಕೂತು ಸ್ಕ್ರಿಪ್ಟಿನಲ್ಲಿ ಏನನ್ನೋ ತಿದ್ದಿದರು. ಏನೆಂದು ನಾನು ಕೇಳಲಿಲ್ಲ.

ಹೋದ ವರ್ಷ ಅವರು ನಿವೃತ್ತರಾದರು. ಮನೆಯ ಉಪ್ಪಿನ ಡಬ್ಬಿ ಇನ್ನೂ ಹನ್ನೊಂದನೇ ನಂಬರೇ ಅಂತೆ. ಇಲ್ಲಿ ಅವರ ಜಾಗ ನನಗೆ ಬಂತು. ಮೊದಲ ದಿನವೇ ಮುದುಕರೊಬ್ಬರು ಒಂಟಿ ಕೈಗವಸು ಹಿಡಿದು ಅದರ ಜೋಡಿ ಕೇಳಿಕೊಂಡು ಬಂದರು. ನಂಬರಿಲ್ಲ, ತಾರೀಕಿಲ್ಲ. ನನಗೆ ತಿಳಿದ ಪದಗಳನ್ನೆಲ್ಲ ಹೊಡೆದು ನೋಡಿದೆ. ಕೊನೆಗೆ ತೆರೆಯ ಮೇಲೆ ಒಂದು ಸಾಲು ಮೂಡಿತು: ‘ಕುರ್ಚಿ ಕೊಡಿ. ಮಾತಾಡಿಸಿ.’

ನಾನು ಎದ್ದು ಬಾಗಿಲು ತೆರೆದೆ.