ಹಳ್ಳದ ನೀರಿಗೆ ದಾಸವಾಳದ ಪಟ್ಟಿ

ಏಳನೇ ತರಗತಿಯಲ್ಲಿದ್ದಾಗ ಕುಸುಮಾ ಪಟ್ಟಕದ ಚಿತ್ರವನ್ನು ಹನ್ನೊಂದು ಸಲ ಬರೆದಿದ್ದಳು. ಬಣ್ಣದ ಪೆನ್ಸಿಲ್ ಇರಲಿಲ್ಲವಾದ್ದರಿಂದ ಬೆಳಕು ಏಳು ಬಣ್ಣವಾಗಿ ಒಡೆಯುವುದನ್ನು ನೀಲಿ ಪೆನ್ನಿನಲ್ಲೇ ಏಳು ಗೆರೆ ಎಳೆದು ತೋರಿಸಿದ್ದಳು. ಪಟ್ಟಕವನ್ನು ಕಣ್ಣಾರೆ ಕಂಡದ್ದು ಚಿಕ್ಕಮಗಳೂರಿನ ಕಾಲೇಜಿನಲ್ಲಿ, ಬಿ.ಎಸ್ಸಿ. ಎರಡನೇ ವರ್ಷದಲ್ಲಿ. ಕಿಟಕಿಯ ಬಿಸಿಲಿಗೆ ಹಿಡಿದಾಗ ಗೋಡೆಯ ಮೇಲೆ ಬಣ್ಣ ಬಿತ್ತು. ಪಕ್ಕದವರೆಲ್ಲ ಖುಷಿಪಟ್ಟರು. ಅವಳಿಗೆ ಮಾತ್ರ ಸಿಟ್ಟು ಬಂತು. ಅಂಗೈಯಗಲದ ಗಾಜಿನ ತುಂಡು, ಇದನ್ನು ತೋರಿಸಲು ಯಾರಿಗೆ ಏನು ಕಷ್ಟವಿತ್ತು?

ಆ ಸಿಟ್ಟನ್ನು ಅವಳು ಬಿಡಲಿಲ್ಲ. ಮೇಷ್ಟರ ಕೆಲಸ ಸಿಕ್ಕಿದ್ದು ಕೊಟ್ಟಿಗೆಹಾರದ ಹತ್ತಿರದ ಹಡ್ಲುಮನೆ ಸರ್ಕಾರಿ ಶಾಲೆಯಲ್ಲಿ, ಅವಳು ಹುಟ್ಟಿ ಬೆಳೆದ ಗಾಳಿಕಟ್ಟೆ ಕಾಫಿ ಎಸ್ಟೇಟಿನಿಂದ ಎರಡೇ ಮೈಲಿ ದೂರದಲ್ಲಿ. ತಾಯಿ ಯಲ್ಲಮ್ಮ ಇನ್ನೂ ಅದೇ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದು ಹಣ್ಣು ಕೊಯ್ಲಿಗೆ ಹೋಗುತ್ತಿದ್ದಳು. ಕುಸುಮಾ ಬಣಕಲ್‌ನಲ್ಲಿ ಒಂದು ಕೋಣೆ ಹಿಡಿದು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದಳು.

ಶಾಲೆಯಲ್ಲಿ ವಿಜ್ಞಾನದ ಸಾಮಾನಿನ ಒಂದು ಪೆಟ್ಟಿಗೆ ಇತ್ತು. ಅದು ಬೀರುವಿನೊಳಗಿತ್ತು, ಬೀರುವಿಗೆ ಬೀಗವಿತ್ತು. ಹೆಡ್ ಮಾಸ್ಟರ್ ಪ್ರಸಾದ್ ಕೆಟ್ಟವರಲ್ಲ, ಹೆದರಿಕೆಯವರು. ಒಡೆದರೆ ತಪಾಸಣೆಗೆ ಬಂದವರಿಗೆ ಏನು ಹೇಳುವುದು ಎಂಬುದೇ ಅವರ ಚಿಂತೆ. ಕುಸುಮಾ ಎರಡು ಸಲ ವಿನಯದಿಂದ ಕೇಳಿದಳು. ಮೂರನೆಯ ಸಲ, ಒಡೆದರೆ ತಾನೇ ಒಡೆದದ್ದೆಂದು ಬರೆದು ಸಹಿ ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟು, ಬೀಗ ತೆಗೆಸಿ, ಪೆಟ್ಟಿಗೆಯನ್ನು ಎತ್ತಿಕೊಂಡು ಹೋದಳು. ತೆರೆದು ನೋಡಿದರೆ ಅರ್ಧಕ್ಕರ್ಧ ಸಾಮಾನಿಗೆ ಬೂಷ್ಟು ಹಿಡಿದಿತ್ತು. ಸುಮ್ಮನೆ ಇಟ್ಟೇ ಹಾಳಾಗಿತ್ತು.

ಅಲ್ಲಿಂದ ಮುಂದೆ ಅವಳು ಆ ಪೆಟ್ಟಿಗೆಯನ್ನು ನೆಚ್ಚಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಒಳಗೊಂದು ಬಲೂನು ಕಟ್ಟಿ, ತಳಕ್ಕೆ ಇನ್ನೊಂದು ಬಲೂನಿನ ರಬ್ಬರು ಬಿಗಿದು ಎಳೆದರೆ ಶ್ವಾಸಕೋಶ. ತಂತಿಯ ಸುರುಳಿಯಲ್ಲಿ ನಿಂತ ನೀರಿನ ಹನಿಯೇ ಭೂತಗನ್ನಡಿ. ಇಪ್ಪತ್ಮೂರು ಮಕ್ಕಳು ಬೆಂಚು ಬಿಟ್ಟು ನೆಲದ ಮೇಲೆ ಕೂತು ಕಲಿತರು. ಗದ್ದಲವಾಯಿತು, ಪಕ್ಕದ ತರಗತಿಯಿಂದ ದೂರು ಬಂತು, ಪಾಠ ಹಿಂದೆ ಬಿತ್ತೆಂದು ಪ್ರಸಾದ್ ಗೊಣಗಿದರು. ಅವಳು ಗೊಣಗಾಟವನ್ನು ಕೇಳಿಸಿಕೊಂಡು ಮರುದಿನ ಮತ್ತೆ ಅದನ್ನೇ ಮಾಡಿದಳು.

ಆಮ್ಲ, ಪ್ರತ್ಯಾಮ್ಲದ ಪಾಠ ಬಂದದ್ದು ಡಿಸೆಂಬರಿನಲ್ಲಿ. ಮಕ್ಕಳು ಕೆಂಪು ದಾಸವಾಳ ತಂದರು. ಎಸಳನ್ನು ಬಿಸಿನೀರಿಗೆ ಹಾಕಿ, ಇಳಿದ ರಸದಲ್ಲಿ ನೋಟ್‌ಬುಕ್ಕಿನ ಹಾಳೆ ಅದ್ದಿದರೆ ಹಾಳೆ ತಾನೇ ತಾನಾಗಿ ಹಸಿರುಗಟ್ಟಿತು. ಮಕ್ಕಳು ಕೆಟ್ಟುಹೋಯಿತೆಂದು ಮುಖ ಸಪ್ಪೆ ಮಾಡಿದರು. ಕುಸುಮಾ ಅದನ್ನೇ ಪಾಠ ಮಾಡಿದಳು. ಕಾಗದ ಮಾಡುವಾಗ ಸುಣ್ಣದಂಥ ಪುಡಿ ಸೇರಿಸುತ್ತಾರೆ, ಹಾಗಾಗಿ ನಮ್ಮ ಹಾಳೆಯೇ ಸುಳ್ಳು ಹೇಳುತ್ತಿದೆ ಎಂದಳು. ಕೊನೆಗೆ ಹಳೆಯ ಬಿಳಿ ಪಂಚೆಯೊಂದನ್ನು ಕುದಿಸಿ, ನಾಲ್ಕು ಸಲ ಬಾವಿ ನೀರಿನಲ್ಲಿ ಜಾಲಿಸಿ, ಪಟ್ಟಿ ಪಟ್ಟಿ ಹರಿದು ರಸದಲ್ಲಿ ನೆನೆಸಿ ಒಣಗಿಸಿದರು. ಒಣಗಿ ನಸುನೇರಳೆಯಾದ ಈ ಪಟ್ಟಿ ನಿಂಬೆರಸಕ್ಕೆ ಕೆಂಪಾಯಿತು, ಸೋಪಿನ ನೀರಿಗೆ ಹಸಿರಾಯಿತು, ಬಾವಿ ನೀರಿಗೆ ಇದ್ದ ಹಾಗೇ ಇತ್ತು.

ಎಲ್ಲರೂ ತಮ್ಮ ತಮ್ಮ ಮನೆಯ ನೀರು ತನ್ನಿ ಎಂದು ಕುಸುಮಾ ಹೇಳಿದ್ದರಲ್ಲಿ ಬೇರೆ ಯಾವ ಉದ್ದೇಶವೂ ಇರಲಿಲ್ಲ. ಬಾವಿಯ ನೀರು, ಗುಡ್ಡದಿಂದ ಇಳಿಯುವ ಅಬ್ಬಿಯ ನೀರು, ಟ್ಯಾಂಕಿನ ನೀರು ಬಂತು. ಗಾಳಿಕಟ್ಟೆಯ ಲೈನಿನ ಮಕ್ಕಳು ಮಾತ್ರ ಹಳ್ಳದ ನೀರು ತಂದರು. ಅವರ ಮನೆಗಳಲ್ಲಿ ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಅದೇ. ಆ ನೀರಿಗೆ ಪಟ್ಟಿ ಗುಲಾಬಿಯಾಯಿತು. ಗಾನಶ್ರೀ ಎಂಬ ಹುಡುಗಿ ಅದನ್ನು ಮಜ್ಜಿಗೆಯಲ್ಲಿ ಅದ್ದಿದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಳು. ಎರಡೂ ಒಂದೇ ಬಣ್ಣ.

ಮಕ್ಕಳು ದೊಡ್ಡ ಹಾಳೆಯಲ್ಲಿ ಪಟ್ಟಿಗಳನ್ನು ಅಂಟಿಸಿ, ಕೆಳಗೆ ಯಾವ ನೀರು ಎಂದು ಬರೆದು ಜಗಲಿಯ ಗೋಡೆಗೆ ತೂಗುಹಾಕಿದರು. ಗಾನಶ್ರೀಯ ದುಂಡಗಿನ ಅಕ್ಷರದಲ್ಲಿ 'ಹಳ್ಳದ ನೀರು: ಹುಳಿ' ಎಂದಿತ್ತು.

ಅದು ಎಸ್ಟೇಟಿನ ಪಲ್ಪರ್ ಯಂತ್ರ ಓಡುವ ಕಾಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜ ತೊಳೆದ ನೀರು ಎಲ್ಲಿ ಹೋಗುತ್ತದೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ದಿನಗಳಲ್ಲಿ ಹಳ್ಳದ ಕಡೆಯಿಂದ ಹುಳಿವಾಸನೆ ಬರುವುದೂ ಹೊಸದಲ್ಲ. ಆದರೆ ಯಾರೂ ಅದನ್ನು ಬರೆದು ಗೋಡೆಗೆ ಹಾಕಿರಲಿಲ್ಲ. ಮೂರನೆಯ ದಿನ ಕುಸುಮಾ ಬರುವಷ್ಟರಲ್ಲಿ ಹಾಳೆ ಗೋಡೆಯ ಮೇಲಿರಲಿಲ್ಲ. ಪ್ರಸಾದ್ ಅದನ್ನು ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಅವಳು ಸ್ಟೂಲು ಹಾಕಿ ಇಳಿಸಿಕೊಂಡು, ಅವರು ನೋಡುತ್ತಿರುವಂತೆಯೇ ಮತ್ತೆ ತೂಗುಹಾಕಿದಳು. ಅವರು ಮಧ್ಯಾಹ್ನ ದೇವೇಂದ್ರನಿಗೆ ಫೋನು ಮಾಡಿದರು.

ದೇವೇಂದ್ರ ಗಾಳಿಕಟ್ಟೆ ಎಸ್ಟೇಟಿನ ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಿಸುವ ಕಣದವರೆಗೆ ಎಲ್ಲ ಅವನ ಮೇಲ್ವಿಚಾರಣೆ. ಶಾಲೆಯ ಉಸ್ತುವಾರಿ ಸಮಿತಿಗೂ ಅವನೇ ಅಧ್ಯಕ್ಷ. ಹಾಳೆಯ ಮೇಲೆ ಹುಳಿ ಎಂದು ಬರೆದ ಗಾನಶ್ರೀ ಅವನ ಒಬ್ಬಳೇ ಮಗಳು. ಅವನು ಬಂದು ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಮಗಳ ಅಕ್ಷರವನ್ನು ಗುರುತಿಸಿರಬೇಕು. ಆಮೇಲೆ ಕುಸುಮಾಳನ್ನು ಪಕ್ಕಕ್ಕೆ ಕರೆದು ಮೆತ್ತಗೆ ಮಾತಾಡಿದ. ಇದು ಮಕ್ಕಳ ಆಟ, ಫಲಿತಾಂಶ ತಪ್ಪು ಎಂದು ಒಂದು ಸಾಲು ಬರೆದು ಅಂಟಿಸಿದರೆ ಸಾಕು, ಎಸ್ಟೇಟಿನ ಸಾಹುಕಾರರಿಗೆ ಸಮಾಧಾನವಾಗುತ್ತದೆ, ಬೆಳೆಸುವುದು ಬೇಡ ಎಂದ. ಲೈನಿನಲ್ಲಿ ಯಲ್ಲಮ್ಮನೂ ಇದ್ದಾರಲ್ಲ ಎಂದು ಕೊನೆಗೆ ಸೇರಿಸಿದ. ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಅದರಿಂದಲೇ ಅದು ಹೆಚ್ಚು ಚುಚ್ಚಿತು.

"ತಪ್ಪು ಅಂತ ಬರೆಯೋಕೆ ನಂಗೆ ತಪ್ಪು ಕಾಣ್ಬೇಕಲ್ಲ ದೇವೇಂದ್ರಣ್ಣ," ಎಂದಳು ಕುಸುಮಾ. "ಕಂಡ್ರೆ ನಾನೇ ಬರೀತೀನಿ. ಕಾಣದೆ ಬರೆಯಲ್ಲ."

ಸಂಜೆ ಅವಳು ಬಸ್ಸು ಹತ್ತದೆ ಲೈನಿಗೆ ನಡೆದಳು. ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಮಗಳಿಗೆ ಬುದ್ಧಿ ಹೇಳು ಎಂದು ಮೇಸ್ತ್ರಿ ಯಲ್ಲಮ್ಮನಿಗೆ ಹೇಳಿದ್ದನಂತೆ. ಯಲ್ಲಮ್ಮ ಒಲೆಯ ಮುಂದೆ ಕೂತು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪ್ರತಿವರ್ಷ ಈ ಎರಡು ತಿಂಗಳು ಅವಳ ಕಾಲಿಗೆ ಕಡಿತ ಏಳುತ್ತಿತ್ತು. ಕುಸುಮಾ ಚಿಕ್ಕವಳಿದ್ದಾಗ ಅವಳಿಗೂ ಏಳುತ್ತಿತ್ತು. ಚಳಿಗೆ ಎಂದುಕೊಂಡಿದ್ದರು.

ಮಗಳು ಎಲ್ಲ ಹೇಳುವವರೆಗೆ ಯಲ್ಲಮ್ಮ ಎಣ್ಣೆ ತಿಕ್ಕುತ್ತಲೇ ಇದ್ದಳು. ಆಮೇಲೆ ಕೇಳಿದಳು, "ನೀ ಬರ್ಸಿದ್ದು ಸುಳ್ಳೇನು?"

"ಅಲ್ಲವ್ವ. ನೀರು ಹುಳಿ ಅದೆ, ಅಷ್ಟು ನಿಜ. ಯಾಕೆ ಹುಳಿ, ನಿನ್ನ ಕಾಲಿಗೆ ಅದ್ರಿಂದ್ಲೇ ಆಗ್ತದಾ ಅನ್ನೋದು ನಂಗೂ ಗೊತ್ತಿಲ್ಲ."

"ಗೊತ್ತಿಲ್ದಿದ್ದು ಬರೀಬೇಡ. ಗೊತ್ತಿರಾದು ಅಳಿಸ್ಬೇಡ," ಎಂದಳು ಯಲ್ಲಮ್ಮ. "ಮನೆ ಬಿಡು ಅಂದ್ರೆ ಬಿಡಾನ. ನಾ ಹುಟ್ಟಿದ್ದೇನು ಈ ಲೈನಲ್ಲಲ್ಲ."

ಆ ಎರಡು ಮಾತು ಕುಸುಮಾಳಿಗೆ ದಾರಿ ತೋರಿತು. ಶನಿವಾರ ಸಮಿತಿಯ ಸಭೆ ಕರೆದಿದ್ದರು. ಅವಳು ಕ್ಷಮೆ ಕೇಳುತ್ತಾಳೆಂದು ಪ್ರಸಾದ್ ನಂಬಿದ್ದರು. ಎಸ್ಟೇಟಿನ ಸಾಹುಕಾರ ರಾಜೀವ್ ಕೂಡ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕುಸುಮಾ ಎದ್ದು ನಿಂತು, ಮಕ್ಕಳ ಫಲಿತಾಂಶ ತಪ್ಪಿರಬಹುದು ಎಂದಳು. ಪ್ರಸಾದ್ ನಿಟ್ಟುಸಿರು ಬಿಟ್ಟರು. ಅವಳು ಮುಂದುವರಿಸಿದಳು: ತಪ್ಪಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ, ಇನ್ನೊಮ್ಮೆ ಮಾಡುವುದು. ಈ ಸಲ ನೀರನ್ನು ಮಕ್ಕಳು ತರುವುದು ಬೇಡ. ಅಧ್ಯಕ್ಷರೇ ತರಲಿ. ಬಾಟಲಿಗೆ ಬರೀ ನಂಬರ್ ಹಾಕಲಿ. ಯಾವ ನಂಬರಿಗೆ ಯಾವ ನೀರು ಎನ್ನುವ ಚೀಟಿ ಅವರ ಜೇಬಿನಲ್ಲೇ ಇರಲಿ. ತನಗೂ ಗೊತ್ತಾಗಬಾರದು, ಮಕ್ಕಳಿಗೂ ಗೊತ್ತಾಗಬಾರದು.

ರಾಜೀವ್ ನಕ್ಕು ಒಪ್ಪಿದರು. ಇದರಲ್ಲಿ ಟೀಚರು ತಾನಾಗಿಯೇ ಸಿಕ್ಕಿಬೀಳುತ್ತಾರೆಂದು ಅವರಿಗೆ ಅನ್ನಿಸಿತ್ತು.

ಸೋಮವಾರ ಬೆಳಿಗ್ಗೆ ದೇವೇಂದ್ರ ಆರು ಬಾಟಲಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಪಲ್ಪರ್ ನೀರಿಗೆ ಬಣ್ಣ ಇರುತ್ತದಲ್ಲ, ಅದು ಕಾಣದಿರಲೆಂದು ಬಾಟಲಿಗಳಿಗೆಲ್ಲ ಹಳೆಯ ಪೇಪರು ಸುತ್ತಿದ್ದ. ಅದು ನ್ಯಾಯವೇ ಆಗಿತ್ತು. ರಾಜೀವ್, ಪ್ರಸಾದ್, ಹತ್ತಾರು ಮಂದಿ ಪೋಷಕರು ಗೋಡೆಗೆ ಒರಗಿ ನಿಂತಿದ್ದರು. ಯಲ್ಲಮ್ಮ ಕೆಲಸಕ್ಕೆ ಹೋಗದೆ ಬಾಗಿಲ ಹತ್ತಿರ ನಿಂತಿದ್ದಳು. ಕುಸುಮಾ ಮೇಜಿನಿಂದ ದೂರ ಹೋಗಿ, ಕೈಕಟ್ಟಿಕೊಂಡು ಕಿಟಕಿಯ ಬಳಿ ನಿಂತಳು. ಸೋತರೆ ತಪ್ಪೆಂದು ಬರೆಯುವ ಮಾತು ಕೊಟ್ಟಾಗಿತ್ತು, ಬರೆಯುವವಳೇ ಆಗಿದ್ದಳು.

ಮಕ್ಕಳು ಒಂದೊಂದಾಗಿ ಪಟ್ಟಿ ಅದ್ದಿದರು. ಗಾನಶ್ರೀ ನಂಬರ್ ಕೂಗಿ, ಬಣ್ಣವನ್ನು ಬೋರ್ಡಿನ ಮೇಲೆ ಬರೆದಳು. ಒಂದು, ಬದಲಾಗಿಲ್ಲ. ಎರಡು, ಗುಲಾಬಿ. ಮೂರು, ನಾಲ್ಕು, ಬದಲಾಗಿಲ್ಲ. ಐದು, ಗುಲಾಬಿ. ಆರು, ಬದಲಾಗಿಲ್ಲ.

"ಈಗ ಚೀಟಿ ಓದಿ ದೇವೇಂದ್ರಣ್ಣ," ಎಂದಳು ಕುಸುಮಾ.

ದೇವೇಂದ್ರ ಚೀಟಿಯನ್ನು ಬಿಚ್ಚಿದ. ಬೋರ್ಡು ನೋಡಿದ, ಮತ್ತೆ ಚೀಟಿ ನೋಡಿದ. ಆ ಚೀಟಿಯಲ್ಲಿ ಏನಿದೆಯೆಂದು ಅವನೊಬ್ಬನಿಗೇ ಗೊತ್ತಿತ್ತು. ನಂಬರ್ ಅದಲುಬದಲು ಮಾಡಿ ಓದಿದ್ದರೆ ಕೇಳುವವರು ಯಾರೂ ಇರಲಿಲ್ಲ. ರಾಜೀವ್ ಅವನನ್ನೇ ನೋಡುತ್ತಿದ್ದರು. ಚಾಕ್‌ಪೀಸು ಹಿಡಿದುಕೊಂಡು ಮಗಳೂ ನೋಡುತ್ತಿದ್ದಳು.

ಅವನು ಚೀಟಿಯಲ್ಲಿದ್ದಂತೆಯೇ ಓದಿದ. ಒಂದು, ಶಾಲೆಯ ಬಾವಿ. ಎರಡು, ಲೈನಿನ ಹತ್ತಿರದ ಹಳ್ಳ. ಮೂರು, ನಮ್ಮ ಮನೆಯ ಟ್ಯಾಂಕು. ನಾಲ್ಕು, ಅಬ್ಬಿ. ಐದು, ಪಲ್ಪರ್ ಕೆಳಗಿನ ಹಳ್ಳ. ಆರಕ್ಕೆ ಬಂದಾಗ ನಿಂತುಬಿಟ್ಟ.

"ಆರೂ ಹಳ್ಳದ್ದೇ," ಎಂದ ಆಮೇಲೆ. "ಪಲ್ಪರಿಗಿಂತ ಮೇಲಿಂದ ತುಂಬಿದ್ದು. ಹಳ್ಳದ್ದು ಅಂದ್ಮೇಲೆ ಇದನ್ನೂ ಹುಳಿ ಅಂತಾರೆ, ಸಿಕ್ಕಿಬೀಳ್ತಾರೆ ಅಂತ ತಂದೆ."

ಒಂದೇ ಹಳ್ಳ, ಮೇಲೆ ಸರಿಯಿದೆ, ಕೆಳಗೆ ಹುಳಿ, ನಡುವೆ ಇರುವುದು ಪಲ್ಪರ್ ಒಂದೇ. ಮಕ್ಕಳಿಂದ ಆಗದೆ ಉಳಿದಿದ್ದ ಕೆಲಸವನ್ನು ಅವರನ್ನು ಸೋಲಿಸಲು ಹೋದವನೇ ಮಾಡಿಕೊಟ್ಟಿದ್ದ. ಕುಸುಮಾಳಿಗೆ ಗೆದ್ದ ಹಿಗ್ಗಿಗಿಂತ ಹೆಚ್ಚಾಗಿ ದೇವೇಂದ್ರನ ಮೇಲೆ ಗೌರವ ಬಂತು. ಅವಳು ಬೋರ್ಡಿನ ಹತ್ತಿರ ಹೋಗಿ, ನಮಗೆ ಗೊತ್ತಾದದ್ದು ಇಷ್ಟು ಎಂದು ಎರಡು ಸಾಲು ಬರೆದಳು. ಕಾಲಿನ ಕಡಿತಕ್ಕೆ ಇದೇ ಕಾರಣವೋ ಗೊತ್ತಿಲ್ಲ, ಅದನ್ನು ಡಾಕ್ಟರು ನೋಡಬೇಕು ಎಂದು ಮೂರನೆಯ ಸಾಲನ್ನೂ ಬರೆದಳು.

ರಾಜೀವ್ ಗೋಡೆ ಬಿಟ್ಟು ಮುಂದೆ ಬಂದರು. ಹೂವಿನ ರಸ ನಂಬಿಕೊಂಡು ಎಸ್ಟೇಟು ನಡೆಸೋಕಾಗುತ್ತಾ ಎಂದು ಪ್ರಸಾದರನ್ನು ಕೇಳಿದರು, ಉತ್ತರಕ್ಕೆ ಕಾಯದೆ ಹೊರಟರು. ಬಾಗಿಲಲ್ಲಿ ಯಲ್ಲಮ್ಮ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಅವರ ತೋಟದಲ್ಲಿ ಹಣ್ಣು ಕೊಯ್ದವಳು, ಸಾಹುಕಾರರು ಬಂದರೆ ಸೆರಗು ಸರಿಮಾಡಿಕೊಂಡು ಬದಿಗೆ ಸರಿಯುವವಳು. ಆ ದಿನ ಅವಳು ಸರಿಯಲಿಲ್ಲ.

"ನೀವೂ ಒಂದ್ಸಲ ಅದ್ದಿ ನೋಡಿ ಸಾಹುಕಾರ್ರೆ," ಎಂದಳು. "ಮಕ್ಳು ಪಟ್ಟಿ ಕೊಡ್ತವೆ."

ರಾಜೀವ್ ಅದ್ದಲಿಲ್ಲ. ಆದರೆ ಎರಡು ವಾರದ ನಂತರ ಪಲ್ಪರ್ ಹತ್ತಿರ ಗುಂಡಿ ತೋಡಿಸಿ, ನೀರನ್ನು ಅಲ್ಲೇ ನಿಲ್ಲಿಸಿ ಸುಣ್ಣ ಹಾಕಿಸತೊಡಗಿದರು. ಅದು ಮೊದಲೇ ಮಾಡಬೇಕೆಂದಿದ್ದ ಕೆಲಸ, ಶಾಲೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡರು. ಮಕ್ಕಳು ಪ್ರತಿ ಸೋಮವಾರ ಪಟ್ಟಿ ಅದ್ದಿದರು. ಬಣ್ಣ ವಾರದಿಂದ ವಾರಕ್ಕೆ ತಿಳಿಯಾಯಿತು, ಮಧ್ಯೆ ಒಂದು ವಾರ ಮತ್ತೆ ಗುಲಾಬಿಯಾಯಿತು. ಅದನ್ನೂ ಬರೆದು ಗೋಡೆಗೆ ಹಾಕಿದರು. ಆ ಹಾಳೆಯನ್ನು ಯಾರೂ ತೆಗೆಯಲಿಲ್ಲ. ಯಲ್ಲಮ್ಮನಿಗೆ ಮನೆ ಬಿಡು ಎಂದವರೂ ಇಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಫೆಬ್ರವರಿಯಲ್ಲಿ ಶಿಕ್ಷಣ ಇಲಾಖೆಯ ಮೇಲಿನ ಕಚೇರಿಯಿಂದ ಕುಸುಮಾಳಿಗೆ ನೋಟಿಸು ಬಂತು. ಪಠ್ಯದ ಹೊರಗಿನ ಚಟುವಟಿಕೆಗೆ ಮಕ್ಕಳನ್ನು ಬಳಸಿಕೊಂಡಿದ್ದೀರಿ, ವಿವರಣೆ ಕೊಡಿ ಎಂದಿತ್ತು. ಒಂದು ಸಾಲು ವಿಷಾದ ಬರೆದರೆ ಮುಗಿಯಿತೆಂದು ಪ್ರಸಾದ್ ನಿಜವಾದ ಕಾಳಜಿಯಿಂದಲೇ ಹೇಳಿದರು. ಅವಳು ಪಠ್ಯಪುಸ್ತಕದ ಆ ಪಾಠದ ನಕಲು ತೆಗೆಸಿದಳು. ನೈಸರ್ಗಿಕ ಸೂಚಕ ತಯಾರಿಸಿ ಸುತ್ತಲಿನ ದ್ರವಗಳನ್ನು ಪರೀಕ್ಷಿಸಿ ಎಂದಿದ್ದ ಸಾಲಿಗೆ ಗೆರೆ ಎಳೆದಳು. ಅದರ ಹಿಂದೆ ಒಂದು ದಾಸವಾಳದ ಪಟ್ಟಿಯನ್ನು ಪಿನ್ನು ಮಾಡಿ ಕಳಿಸಿದಳು. ವಿಷಾದ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಜೂನಿನಲ್ಲಿ ಅವಳನ್ನು ಕಳಸದ ಆಚೆಯ, ಹದಿನಾಲ್ಕು ಮಕ್ಕಳ ಶಾಲೆಯೊಂದಕ್ಕೆ ನಿಯೋಜಿಸಿದರು. ಕಾರಣ ಬರೆದಿರಲಿಲ್ಲ. ಹೊರಡುವ ದಿನ ದೇವೇಂದ್ರ ಎಸ್ಟೇಟಿನ ಜೀಪಿನಲ್ಲಿ ಅವಳ ಸಾಮಾನು ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದ. ಸೋಮವಾರದ ಪಟ್ಟಿ ನಿಲ್ಲುವುದಿಲ್ಲ, ಗಾನಶ್ರೀ ಹೈಸ್ಕೂಲಿಗೆ ಹೋದರೆ ತಾನಿದ್ದೇನೆ ಎಂದು ನೆಲ ನೋಡಿಕೊಂಡು ಹೇಳಿದ.

ಹೊಸ ಊರಿನಲ್ಲಿ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ಚೊಗರು, ಎಲ್ಲ ಮನೆಯಲ್ಲೂ ಇತ್ತು. ಅದಕ್ಕೆ ತುಕ್ಕುಹಿಡಿದ ಮೊಳೆ ಹಾಕಿಟ್ಟರೆ ಮರುದಿನ ಕಪ್ಪಾಗುತ್ತದೆ, ಯಾಕೆ? ಎಂಬಲ್ಲಿಂದ ಅವಳು ಶುರುಮಾಡಿದಳು. ಮೊದಲ ವಾರದಲ್ಲೇ ಮಕ್ಕಳ ಕೈಬೆರಳು, ಅಂಗಿ, ಪುಸ್ತಕ ಎಲ್ಲ ಕಪ್ಪಾದವು. ತಿಮ್ಮಪ್ಪ ಎಂಬ ಪೋಷಕರೊಬ್ಬರು, ಮಗಳನ್ನು ಓದಲಿಕ್ಕೆ ಕಳಿಸಿದ್ದೋ ಬಣ್ಣ ಮಾಡಲಿಕ್ಕೋ ಎಂದು ಜಗಳಕ್ಕೇ ಬಂದರು. ಕುಸುಮಾ ಅವರ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಒಂದು ಲೋಟ ಚೊಗರನ್ನೂ ಒಂದು ಮೊಳೆಯನ್ನೂ ಅವರ ಕೈಗೆ ಕೊಟ್ಟಳು.

"ನೀವೂ ಹಾಕಿಟ್ಟು ನೋಡಿ," ಎಂದಳು. "ನಾಳೆ ಬನ್ನಿ, ಆಮೇಲೆ ಜಗಳ ಆಡಾಣ."