ಕೋವಿಯ ಮೇಲಿಟ್ಟ ನಿಂಬೆಹಣ್ಣು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಿಂಬೆಹಣ್ಣು ನನ್ನದು. ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನನ್ನ ಸೀರೆ ಅಂಗಡಿಯ ಎದುರಿನ ತರಕಾರಿಯವನಲ್ಲಿ ನಾನೇ ಆರಿಸಿ ತಂದದ್ದು. ರಸ ತುಂಬಿದ್ದೇ ಬೇಕೆಂದು ಒಂದೊಂದನ್ನೂ ಹಿಚುಕಿ ನೋಡಿದ್ದೆ. ಆ ರಸ ನನ್ನ ಗೆಳೆಯ ದೇವದಾಸನ ಅನ್ನಕ್ಕೇ ಕಲ್ಲು ಹಾಕುವುದರಲ್ಲಿತ್ತು.

ದೇವದಾಸ ಕುಂದಾಪುರದ ಕಡೆಯವನು. ಲಂಡನ್ನಿಗೆ ಬಂದದ್ದು ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬಲು. ರುಬ್ಬುವುದಕ್ಕಿಂತ ಕೆಟ್ಟ ಗ್ರೈಂಡರ್ ಬಿಚ್ಚಿ ಸರಿ ಮಾಡುವುದರಲ್ಲೇ ಅವನಿಗೆ ಹೆಚ್ಚು ಖುಷಿ. ದೋಸೆ ತಿನ್ನಲು ಬರುತ್ತಿದ್ದ ಸಿನೆಮಾದವನೊಬ್ಬ ಅದನ್ನು ನೋಡಿ, ಸ್ಟ್ರಾಟ್‌ಫರ್ಡ್ ಆಚೆ ಕಾಲುವೆ ಪಕ್ಕದ ಒಂದು ಗೋದಾಮಿಗೆ ಸೇರಿಸಿದ. ಯುದ್ಧದ ಸಿನೆಮಾಗಳಿಗೆ ಸಾಮಾನು ಬಾಡಿಗೆ ಕೊಡುವ ಜಾಗ ಅದು. ಹೊಸದಾಗಿ ಮಾಡಿದ ನಕಲಿ ಕೋವಿಗಳು ಹಳೆಯವಾಗಿ ಕಾಣುವಂತೆ ಉಜ್ಜುವುದು, ಮಂಕಾಗಿಸುವುದು, ಗೀರು ಹಾಕುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ದೀಪಾವಳಿಯಲ್ಲಿ ಪಟಾಕಿ ಸಿಡಿದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ!

ಹೆದರಿಕೆ ಅವನ ಹುಟ್ಟುಗುಣ. ಫ್ಲ್ಯಾಟಿನ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಟ್ಯೂಬ್ ಸ್ಟೇಷನ್ನಿನಿಂದ ವಾಪಸು ಓಡಿಬರುತ್ತಾನೆ. ಅವನ ಹೆಂಡತಿ ರಾಜೀವಿ, 'ಇವರ ಕೈಯಲ್ಲಿ ಕೋವಿ ಕೊಟ್ಟವರಿಗೆ ದೊಡ್ಡ ನಮಸ್ಕಾರ' ಎನ್ನುತ್ತಾಳೆ. ಆದರೆ ಗೋದಾಮಿನವರು ಅವನಿಗೆ ಕೋವಿಗಳನ್ನಿಡುವ ಉಕ್ಕಿನ ಕಪಾಟಿನ ಬೀಗದ ಕೈ ಕೊಟ್ಟದ್ದು ಈ ಹೆದರಿಕೆಯನ್ನು ನಂಬಿಯೇ. ಇನ್ನೊಂದು ಕೈ ಮ್ಯಾನೇಜರಮ್ಮನ ಹತ್ತಿರ. ತನ್ನ ಕೀಲಿಯನ್ನು ಅವನು ಜನಿವಾರದ ಹಾಗೆ ಕೊರಳಿಗೇ ಹಾಕಿಕೊಂಡಿರುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಒಂದು ಸಿನೆಮಾಕ್ಕೆ ಜರ್ಮನರ ಹಳೆಯ ದಾಳಿ ಕೋವಿ, ಅಂದರೆ ಅಸಾಲ್ಟ್ ರೈಫಲ್, ಬೇಕಾಯಿತು. ಸಾವಿರದ ಒಂಬೈನೂರ ನಲವತ್ತನಾಲ್ಕರದ್ದು. ಅಸಲಿ ಇದ್ದದ್ದು ಸ್ಟ್ಯಾನ್ಮೋರ್‌ನ ಡಾಕ್ಟರ್ ರಾಮಪ್ರಸಾದ್ ಅವರಲ್ಲಿ. ಮೈಸೂರಿನವರು, ಮೂಳೆ ಡಾಕ್ಟರಾಗಿ ನಿವೃತ್ತರು, ಮಹಾಯುದ್ಧದ ವಸ್ತುಗಳನ್ನು ಕೂಡಿಹಾಕುವ ಹುಚ್ಚು. ಗುಂಡು ಹಾರದಂತೆ ಕಾಯಿದೆ ಪ್ರಕಾರ ಕೆಡಿಸಿ, ನಳಿಗೆಯ ಅಡಿಯಲ್ಲಿ ಮುದ್ರೆ ಒತ್ತಿದ ಕೋವಿ ಅದು. ಗೋದಾಮಿಗೆ ಎರವಲು ತಂದ ಅದನ್ನು ನೋಡಿ ದೇವದಾಸ ಒಂದು ನಕಲು ಮಾಡಬೇಕಿತ್ತು.

ಒಂದು ಭಾನುವಾರ ಅವನು ನನ್ನ ಅಂಗಡಿಯ ಗಾಜಿನ ಮೇಲೆ ಎರಡು ಖಾಲಿ ತೋಟಾ ನಿಲ್ಲಿಸಿದ. ಒಂದು ಉದ್ದ, ಒಂದು ಗಿಡ್ಡ.

"ಕಾಣಿ," ಎಂದ. "ಉದ್ದದ್ದ್ ಹೊಡೆದ್ರೆ ಭುಜ ಮುರಿತ್ತ್, ದೂರ ಹೋತ್ತ್. ಪಿಸ್ತೂಲಿನದ್ದ್ ಹಗುರ, ಆದ್ರೆ ದೂರ ಹೋತಿಲ್ಲೆ. ಅದ್ಕೆ ಜರ್ಮನರ್ ಉದ್ದದ್ದನ್ನೇ ಗಿಡ್ಡ ಮಾಡಿ ನಡುವಿನದ್ದ್ ಒಂದ್ ಮಾಡ್ದ್ರ್."

ಒಂದೊಂದಾಗಿಯೂ ಹೊಡೆಯಬಹುದು, ಸುರಿಮಳೆಯಾಗಿಯೂ ಹೊಡೆಯಬಹುದು, ಒಬ್ಬನೇ ಸಿಪಾಯಿ ಹೆಚ್ಚು ತೋಟಾ ಹೊರಬಹುದು. ಇವತ್ತು ಲೋಕದ ಸೈನ್ಯಗಳ ಕೈಯಲ್ಲಿರುವ ಕೋವಿಗಳೆಲ್ಲ ಇದರ ಮಕ್ಕಳು ಮರಿಗಳೇ ಅಂತೆ. ಹೀಗೆ ವಿವರಿಸುತ್ತಿದ್ದವನು ತಟ್ಟನೆ ಎರಡನ್ನೂ ಜೇಬಿಗೆ ಹಾಕಿಕೊಂಡು, "ಎಷ್ಟ್ ಜನ ಸತ್ತ್ರೋ ಏನೋ ಮರ್ರೆ," ಎಂದ. ಆಮೇಲೆ ನಾವು ಕಾಫಿ ಕುಡಿದೆವು.

ಅಕ್ಟೋಬರಿಗೆ ನಕಲು ಮುಗಿಯಿತು. ಹಾಳೆ ಉಕ್ಕನ್ನು ಒತ್ತಿ ಮಾಡಿದ ಮೈ, ಕೈ ತಾಗಿ ಸವೆದ ಜಾಗ, ಅಸಲಿಯ ನಂಬರು ಎಲ್ಲವೂ ಇದ್ದವು. ಇಲ್ಲದ್ದು ಅಡಿಯ ಮುದ್ರೆ ಮಾತ್ರ. ಅದನ್ನು ನಕಲು ಮಾಡಿದರೆ ಜೈಲು. ನಕಲಿ ಕೋವಿಗೂ ಈ ದೇಶದಲ್ಲಿ ಕಾಯಿದೆ ಬಿಗಿ. ಸಿನೆಮಾಕ್ಕೆ ಮಾಡಿದ್ದು ಯಾರದ್ದೋ ಮನೆಗೆ ಹೋದರೆ ಕಂಪನಿಯ ಮೇಲೆ ಕೇಸು ಬೀಳುತ್ತದೆ.

ಶುಕ್ರವಾರ ಆಯುಧ ಪೂಜೆ. ಪ್ರತಿ ವರ್ಷ ಎಲ್ಲರೂ ಹೋದ ಮೇಲೆ ದೇವದಾಸ ತನ್ನ ಅರ, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನು ಮೇಜಿನ ಮೇಲೆ ಜೋಡಿಸಿ ಪೂಜೆ ಮಾಡುತ್ತಾನೆ. ಹೂವು, ಕುಂಕುಮ, ನಿಂಬೆಹಣ್ಣು ತರುವವನು ನಾನು. ಕೋವಿಗೆ ಮಾತ್ರ ಅವನು ಎಂದೂ ಪೂಜೆ ಮಾಡಿದವನಲ್ಲ. ಈ ಸಲ, "ಇದ್ ನನ್ನ ಕೈಕೆಲಸ ಅಲ್ದಾ," ಎಂದು ನಕಲನ್ನೂ ಇಟ್ಟ, ಅರ್ಧ ಹೋಳು ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಅದರ ಮೇಲೆ ಕವುಚಿದ. ಅಷ್ಟರಲ್ಲಿ ನಾನು ಹಚ್ಚಿದ ಊದುಬತ್ತಿಯ ಹೊಗೆಗೆ ಸೂರಿನ ಅಲಾರಂ ಚೀರತೊಡಗಿತು. ನಾನು ಪೇಪರು ಬೀಸಿ ಕುಣಿದಾಡಿದೆ. ಅವನು ಗಾಬರಿಯಲ್ಲಿ ಹೋಲಿಸಿ ನೋಡಲು ಪಕ್ಕದಲ್ಲಿಟ್ಟುಕೊಂಡಿದ್ದ ಇನ್ನೊಂದು ಕೋವಿಯನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದ. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ. ಶನಿವಾರ, ಭಾನುವಾರ ಹೇಗೂ ರಜೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಫೋನು.

"ಹ್ವಾಯ್, ಒಂಚೂರ್ ಬಪ್ಪುಕಾತ್ತಾ?" ಸ್ವಲ್ಪ ಬರಲಾದೀತೇ ಎಂದು ದೇವದಾಸ ಕೇಳುತ್ತಿದ್ದ. "ತಪ್ಪಾಯ್ತ್ ಮರ್ರೆ. ದೊಡ್ಡ್ ತಪ್ಪಾಯ್ತ್."

ಗೋದಾಮಿಗೆ ಹೋಗಿ ನೋಡಿದೆ. ಒಣಗಿದ ನಿಂಬೆಹೋಳು ಪಕ್ಕಕ್ಕೆ ಬಿದ್ದಿತ್ತು. ಅದಿದ್ದ ಜಾಗದಲ್ಲಿ ಉಕ್ಕಿನ ಹಳೆಯ ಕಪ್ಪು ತಿಂದುಹೋಗಿ, ರೂಪಾಯಿಯಗಲದ ಬೂದುಬಣ್ಣದ ಕಲೆ. ದೇವದಾಸ ಕೋವಿಯನ್ನು ಮಗುಚಿ ಅಡಿ ತೋರಿಸಿದ. ಮುದ್ರೆ ಇತ್ತು. ಕಪಾಟಿನಲ್ಲಿ ಭದ್ರವಾಗಿದ್ದದ್ದು ಅವನ ನಕಲು. ಮೂರು ದಿನ ಮೇಜಿನ ಮೇಲೆ ಹೂವು ಮುಡಿದು ಮಲಗಿದ್ದದ್ದು ಡಾಕ್ಟರ ಅಸಲಿ. ಇಪ್ಪತ್ತೆರಡು ವರ್ಷ ಜನರ ಕಣ್ಣಿಗೆ ಮಣ್ಣೆರಚಿದವನು ಕೊನೆಗೆ ತನ್ನ ಕಣ್ಣಿಗೇ ಎರಚಿಕೊಂಡಿದ್ದ.

ಡಾಕ್ಟರು ಕೋವಿ ವಾಪಸು ಒಯ್ಯಲು ಬರುವುದು ಹನ್ನೊಂದಕ್ಕೆ.

"ಅರ್ವತ್ಮೂರಾಯ್ತ್. ಈ ಕೆಲ್ಸ ಹೋದ್ರೆ ನಂಗೆ ಯಾರ್ ಕೆಲ್ಸ ಕೊಡ್ತ್ರ್? ರಾಜೀವಿಗೆ ಎಂತ ಹೇಳೂದ್?"

ಕಲೆ ಮುಚ್ಚಿಬಿಡು ಎಂದು ಹೇಳಿದವನೂ ನಾನೇ. ಉಕ್ಕನ್ನು ಕಪ್ಪು ಮಾಡುವ ದ್ರಾವಣ ಅವನ ಮೇಜಿನ ಮೇಲೇ ಇತ್ತು. ಹತ್ತಿಯಲ್ಲಿ ಅದ್ದಿ ಹಚ್ಚಿದ. ಕಲೆ ಹೋಯಿತು, ಆದರೆ ಆ ಜಾಗ ಹೊಚ್ಚಹೊಸದಾಗಿ ಮಿರಮಿರ ಮಿಂಚಿತು. ಹೊಂದಿಕೆಯಾಗಲೆಂದು ಸುತ್ತಲೂ ಹಚ್ಚಿದ. ಅದೂ ಹೊಸದಾಯಿತು. ಮತ್ತಷ್ಟು ಹಚ್ಚಿದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಹತ್ತೂವರೆಯ ಹೊತ್ತಿಗೆ ಎಂಬತ್ತು ವರ್ಷದ ಕೋವಿಯ ಒಂದು ಮಗ್ಗುಲು ಪೂರ್ತಿ ನಿನ್ನೆ ಅಂಗಡಿಯಿಂದ ತಂದಂತಿತ್ತು. ಮತ್ತೆ ಹಳೆಯದಾಗಿಸಲು ಅರ್ಧ ದಿನ ಬೇಕು. ಹೊರಗೆ ಕಾರು ನಿಂತ ಸದ್ದಾದಾಗಲೆಲ್ಲ ಅವನ ಕೈಯಿಂದ ಹತ್ತಿ ಬೀಳುತ್ತಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ನಾನು ಬಾಗಿಲಿಗೆ ಹೋಗಿ ಇಣುಕಿ ಇಣುಕಿ ಬರುತ್ತಿದ್ದೆ.

ಡಾಕ್ಟರು ಐದು ನಿಮಿಷ ಮುಂಚೆಯೇ ಬಂದರು. ಜೊತೆಗೆ ಮ್ಯಾನೇಜರಮ್ಮ. ಮೇಜಿನ ಮೇಲೆ ಎರಡೂ ಕೋವಿಗಳು.

"ನಿಲ್ರಿ, ನಿಲ್ರಿ. ಹೇಳ್ಬೇಡಿ," ಎಂದರು ಡಾಕ್ಟರು. "ಇಪ್ಪತ್ತು ವರ್ಷ ಮನೇಲಿಟ್ಕೊಂಡಿದೀನಿ. ನನಗೆ ಗೊತ್ತಾಗಲ್ವೇನ್ರೀ?" ಹೊಸದಾಗಿ ಹೊಳೆಯುತ್ತಿದ್ದದ್ದನ್ನು ಬೆರಳಿನಿಂದ ತಟ್ಟಿ ನಕ್ಕರು. "ಚೆನ್ನಾಗ್ ಮಾಡಿದೀರಿ ದೇವದಾಸ್. ಆದ್ರೆ ಬಣ್ಣ ನೋಡಿದ್ರೇ ಗೊತ್ತಾಗುತ್ತೆ, ನಕಲಿ ನಕಲೀನೇ." ದೇವದಾಸನ ನಕಲನ್ನು ಮಗುವಿನಂತೆ ಎತ್ತಿ, ತಾವು ತಂದಿದ್ದ ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಬದುಕಿದೆವು ಎಂದು ನನ್ನ ಮನಸ್ಸು ಕುಣಿಯಿತು. ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಗಳಿಗೆಯಲ್ಲಿ ನಾನು ಅವನ ಕಾಲು ತುಳಿದೆ, ಬಾಯಿ ಬಿಡಬೇಡ ಎಂದು.

ದೇವದಾಸ ಬಾಯಿ ಬಿಟ್ಟ.

"ಡಾಕ್ಟ್ರೇ, ಅದು ನಾನು ಮಾಡಿದ್ದು. ನಿಮ್ಮದು ಇದು." ಕೋವಿಯನ್ನು ಮಗುಚಿ ಮುದ್ರೆ ತೋರಿಸಿದ. ಆಮೇಲೆ ಇಬ್ಬರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಪೂಜೆ, ನಿಂಬೆಹಣ್ಣು, ಕಪಾಟು, ದ್ರಾವಣ ಎಲ್ಲವನ್ನೂ ಹೇಳಿದ. ಮೂರು ದಿನ ಅಸಲಿ ಹೊರಗಿತ್ತು ಎನ್ನುವುದನ್ನೂ ಬಿಡಲಿಲ್ಲ. ನಿಂಬೆಹಣ್ಣು ತಂದವರು ಯಾರೆಂದು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮ್ಯಾನೇಜರಮ್ಮ ಕೈ ಚಾಚಿದಳು. ಅವನು ಕೊರಳಿನಿಂದ ಕೀಲಿ ತೆಗೆದು ಕೊಟ್ಟ. ಕಣ್ಣಲ್ಲಿ ನೀರಿತ್ತು. ಕೆಲಸದ ಮಾತು ಡಾಕ್ಟರ ದೂರಿನ ಮೇಲೆ ನಿಂತಿದೆ ಎಂದು ಆಕೆ ಅವರತ್ತ ತಿರುಗಿದಳು.

ಡಾಕ್ಟರು ತಾವೇ ಬೀಗ ಹಾಕಿದ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. ಅದನ್ನು ತೆರೆದು ನಕಲನ್ನು ಮೇಜಿನ ಮೇಲಿಟ್ಟರು. ದೂರಿಲ್ಲ ಎಂದು ಆಕೆಗೆ ಹೇಳಿ ದೇವದಾಸನ ಕಡೆ ತಿರುಗಿದರು.

"ಆ ಹೊಸ ಬಣ್ಣ ತೆಗೆದುಬಿಡಿ. ನಿಂಬೆಹಣ್ಣಿನ ಕಲೆ ಕಾಣೋ ಹಾಗಿರ್ಲಿ," ಎಂದರು. "ಇನ್ಮೇಲಾದ್ರೂ ನನಗೆ ನನ್ನದು ಯಾವುದು ಅಂತ ಗೊತ್ತಾಗ್ಬೇಕಲ್ಲ."

ದೇವದಾಸ ಬಟ್ಟೆ ತೆಗೆದುಕೊಂಡು ಉಜ್ಜಲು ಕೂತ. ಬರಿಯ ಕೊರಳನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.